ಒಣಗಿಯೇ ಉಂಟು

ನೋವು ಹತ್ತರಲ್ಲಿ ಎಷ್ಟು ಎಂದು ನಿಖಿತಾ ಕೇಳಿದಾಗ ಲಿಡ್ವಿನ್ ಬಾಯಿ ಮೂರು ಎಂದಳು. ಎರಡು ಎನ್ನಬಹುದಿತ್ತು. ನಿಜ ಹೇಳುವುದಾದರೆ ಒಂದು ಎಂದರೂ ನಡೆಯುತ್ತಿತ್ತು. ಆದರೆ ಮೂರು ವಾರದ ಹಿಂದೆ ಇದೇ ಮಂಚದ ಮೇಲೆ ಒಂಬತ್ತು ಎಂದು ಅತ್ತವಳು ಈಗ ಒಮ್ಮೆಲೇ ಒಂದಕ್ಕೆ ಇಳಿದರೆ ಅಂದು ಅತ್ತದ್ದು ನಾಟಕವೆಂದು ಹುಡುಗಿ ಎಣಿಸಿಯಾಳು ಎಂದು ನಾಚಿಕೆಯಾಯಿತು. ನೋವಿನ ವಿಷಯದಲ್ಲೂ ಮರ್ಯಾದೆ ನೋಡುವ ಹೆಂಗಸು ಅವಳು. ಕಾಪು ಪೇಟೆಯ ಮೆಡಿಕಲ್ ಅಂಗಡಿಯ ಮಾಳಿಗೆಯಲ್ಲಿದ್ದ ಆ ಫಿಸಿಯೋಥೆರಪಿ ಕ್ಲಿನಿಕ್ಕು, ಸೊಂಟ ಹಿಡಿದವರೆಲ್ಲ ಹತ್ತೊಂಬತ್ತು ಮೆಟ್ಟಿಲು ಹತ್ತಿ ತಲುಪಬೇಕಾದ ಒಂದು ಉದ್ದನೆಯ ಕೋಣೆ. ಅದನ್ನು ಎರಡು ಮಾಡುವ ಒಂದು ಹಸಿರು ಪರದೆ. ಪರದೆಯ ಈಚೆ ಮಂಚ, ಕರೆಂಟು ಕೊಡುವ ಯಂತ್ರ, ಮೊಳೆಗೆ ನೇತುಬಿದ್ದ ಪ್ಲಾಸ್ಟಿಕ್ಕಿನ ಬೆನ್ನೆಲುಬು. ಆಚೆ ಕಾಯುವವರ ಬೆಂಚು. ಬೆಂಚಿನ ಮೇಲೆ, ಲಿಡ್ವಿನ್ ಬಾಯಿಯ ಮನೆಯಿಂದ ಮಲ್ಲಿಗೆ ಒಯ್ದು ಮಾರುವ ಅಕ್ಕು ಕುಳಿತಿದ್ದಳು. ಅಕ್ಕು ವೀಳ್ಯ ಜಗಿಯುವ ಸದ್ದು ಕೂಡ ಈಚೆಗೆ ಚೆನ್ನಾಗಿ ಕೇಳುತ್ತಿತ್ತು.

"ಮೂರಾ? ಒಳ್ಳೆದಾಯ್ತಲ್ಲ ಆಂಟಿ!" ನಿಖಿತಾಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ದಿನವೂ ಕಾರ್ಕಳದಿಂದ ಬಸ್ಸಿನಲ್ಲಿ ಬರುವ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ, ಮಾತಿಗೊಮ್ಮೆ ಹುಬ್ಬು ಏರಿಸುತ್ತಾಳೆ. "ಈಗ ಕವುಚಿ ಮಲಗಿ. ಕೈ ಊರಿ ಎದೆ ಮಾತ್ರ ಎತ್ತಿ. ಸೊಂಟ ಮಂಚದಲ್ಲೇ ಇರಲಿ. ಹತ್ತು ಸಲ." ಲಿಡ್ವಿನ್ ಬಾಯಿ ಕವುಚಿ ಮಲಗಿ ಎದೆ ಎತ್ತಿದಳು. ಐವತ್ತಾರರ ಹೆಂಗಸು, ಮೊಮ್ಮಗು ಇವತ್ತೋ ನಾಳೆಯೋ ಎಂದು ಊರು ಕೇಳುವ ಕಾಲದಲ್ಲಿ, ಬಾಗಿಲಿಲ್ಲದ ಕೋಣೆಯಲ್ಲಿ ಹೀಗೆ ಹಲ್ಲಿಯಂತೆ ತಲೆಯೆತ್ತಿಕೊಂಡು ಇರುವುದು. ಮೊದಲ ದಿನ ನಿಖಿತಾ ಆ ಪ್ಲಾಸ್ಟಿಕ್ ಬೆನ್ನೆಲುಬನ್ನು ಮೊಳೆಯಿಂದ ಇಳಿಸಿ ಮಡಿಲಲ್ಲಿಟ್ಟು ತೋರಿಸಿದ್ದಳು. "ಎಲುಬು ಎಲುಬಿನ ನಡುವೆ ಮೆತ್ತೆ ಉಂಟು ನೋಡಿ. ನೀವು ಬಗ್ಗಿ ಬಗ್ಗಿ ಕೂತು ಅದು ಹಿಂದಕ್ಕೆ ಉಬ್ಬಿ ನರದ ಬೇರನ್ನು ಒತ್ತುತ್ತಾ ಉಂಟು. ಆ ನರ ಹೋಗುವುದು ಕುಂಡೆಯಿಂದ ಪಾದದವರೆಗೆ. ಸಯಾಟಿಕಾ ಅಂತ ಹೇಳ್ತೇವೆ. ಕಾಲಿಗೆ ಎಂತದೂ ಆಗಿಲ್ಲ ಆಂಟಿ. ಕಾಲು ನೋಯುವುದು ಬೆನ್ನಿಂದ." ಹೇಗೆ ಕೂರ್ತೀರಿ ಎಂದು ಕೇಳಿದಳು. ಮಣೆಯ ಮೇಲೆ, ಬುಟ್ಟಿಗೆ ಬಗ್ಗಿ, ಬೆಳಿಗ್ಗೆ ಆರರಿಂದ ಹತ್ತರವರೆಗೆ. ಎಷ್ಟು ವರ್ಷದಿಂದ? ಮದುವೆಯಾಗಿ ಬಂದ ಮೂರನೆಯ ದಿನದಿಂದ. ಲೆಕ್ಕ ಹಾಕಿದರೆ ಮೂವತ್ತೊಂದು. "ಹಾಗಾದರೆ ಮೆತ್ತೆಯದ್ದು ತಪ್ಪಿಲ್ಲ" ಎಂದು ಹುಡುಗಿ ನಕ್ಕಳು. ಲಿಡ್ವಿನ್ ಬಾಯಿಯೂ ನಕ್ಕಳು, ಆದರೆ ಹುಡುಗಿಯ ಮೊದಲಿನ ಮಾತು ಕಿವಿಯಲ್ಲೇ ನಿಂತಿತ್ತು. ಕಾಲಿಗೆ ಎಂತದೂ ಆಗಿಲ್ಲ. ಈ ಮಾತು ಅವಳದೇ. ಹದಿನೇಳು ವರ್ಷದ ಹಿಂದೆ ಹಿತ್ತಲ ಬಾಗಿಲಲ್ಲಿ ಅತ್ತೆ ಅಪೊಲಿನ್ ಬಾಯಿಯ ಬಲಗಾಲನ್ನು ತೊಡೆಯ ಮೇಲಿಟ್ಟು, ಒತ್ತಿ, ತಿರುಗಿಸಿ, ಊತವಿಲ್ಲ, ಗಾಯವಿಲ್ಲ, ಕೆಂಪಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವಳು ಇದನ್ನೇ ಹೇಳಿದ್ದಳು: ಕಾಲಿಗೆ ಎಂತದೂ ಆಗಿಲ್ಲ ಮಾಂಯ್. ಮಾತು ಅದೇ. ಹುಡುಗಿ ಅದನ್ನು ಹೇಳಿ ಬೆನ್ನು ನೋಡಿದ್ದಳು. ಲಿಡ್ವಿನ್ ಹೇಳಿ ಎದ್ದು ಹೋಗಿದ್ದಳು.

ಐದು, ಆರು. ತೋಳು ನಡುಗುತ್ತಿತ್ತು. ಮುದುಕಿಯದು ಸೋಮಾರಿತನ ಎಂದೇ ಅವಳ ಎಣಿಕೆ. ಅದನ್ನು ಎಣಿಕೆ ಎನ್ನುವುದೂ ಸುಳ್ಳು, ಹಾಗೆ ಎಣಿಸಿದರೆ ಅನುಕೂಲವಿತ್ತು. ಹೂ ಕೊಯ್ಯುವಾಗ ಅಪೊಲಿನ್ ಎರಡು ಗಿಡಕ್ಕೊಮ್ಮೆ ನಿಂತು ಕಾಲು ಕೊಡವುತ್ತಿದ್ದಳು; ಕುಳಿತಲ್ಲಿಂದ ಏಳುವಾಗ ಗೋಡೆ ಹಿಡಿದು ಯೇಸುವನ್ನು ಕರೆಯುತ್ತಿದ್ದಳು; ಅದೆಲ್ಲ ತನ್ನನ್ನು ಉದ್ದೇಶಿಸಿಯೇ ಕರೆದ ಹಾಗೆ ಲಿಡ್ವಿನ್‌ಗೆ ಕೇಳಿಸುತ್ತಿತ್ತು. ಗಂಡ ರೊಸಾರಿಯೊ ಇಬ್ಬರ ನಡುವೆ ಪತ್ರಿಕೆ ಅಡ್ಡ ಹಿಡಿದು ಕೂರುವ ಪೈಕಿ. ಅವನೂ ಹೋದ, ಪತ್ರಿಕೆಯೂ ನಿಂತಿತು. ಈಗ ಮೂರು ತಿಂಗಳಿಂದ ಅವಳೇ ಎರಡು ಗಿಡಕ್ಕೊಮ್ಮೆ ನಿಲ್ಲುತ್ತಾಳೆ. ಮೊದಲು ಕುಂಡೆಯೊಳಗೆ ಯಾರೋ ಮೊಣಕೈ ಊರಿದ ಹಾಗೆ. ಆಮೇಲೆ ತೊಡೆಯ ಹಿಂಬದಿಯಿಂದ ಮೀನಖಂಡಕ್ಕೆ, ಅಲ್ಲಿಂದ ಕಿರುಬೆರಳಿಗೆ, ಕಾದ ತಂತಿ ಎಳೆದಂತೆ. ಕೆಮ್ಮಿದರೆ ತಂತಿ, ಸೀನಿದರೆ ತಂತಿ. ಇಗರ್ಜಿಯಲ್ಲಿ ಎಲ್ಲರೂ ಮೊಣಕಾಲೂರುವ ಹೊತ್ತಿಗೆ ಅವಳೊಬ್ಬಳು ಕೊನೆಯ ಬೆಂಚಿನಲ್ಲಿ ಕುಳಿತೇ ಇದ್ದಳು. ಮುಂದಿನವರು ತಿರುಗಿ ನೋಡಿದ್ದರು. ಅಪೊಲಿನ್ ಕೂಡ ಇದೇ ಬೆಂಚಿನಲ್ಲಿ ಹೀಗೆಯೇ ಕುಳಿತಿರುತ್ತಿದ್ದಳು. ಆಗ ತಿರುಗಿ ನೋಡಿದವರಲ್ಲಿ ಮೊದಲನೆಯವಳು ಲಿಡ್ವಿನ್. "ಹತ್ತಾಯ್ತು, ಸಾಕು" ಎಂದಳು ನಿಖಿತಾ. ಲಿಡ್ವಿನ್ ಬಾಯಿ ಕೆನ್ನೆಯನ್ನು ರೆಕ್ಸಿನ್ನಿಗೆ ಒತ್ತಿ ಮಲಗಿದಳು. ರೆಕ್ಸಿನ್ನಿಗೆ ಡೆಟ್ಟಾಲಿನ ವಾಸನೆಯಿತ್ತು, ಅವಳ ಕೈಗೆ ಬೆಳಗಿನ ಮಲ್ಲಿಗೆಯದು.

"ಇನ್ನು ದಿನದ ಪ್ರಶ್ನೆ" ಎಂದಳು ನಿಖಿತಾ, ಪುಸ್ತಕ ತೆರೆದು. "ಮೂತ್ರಕ್ಕೆ ಹೋಗುವಾಗ ಎಂತದಾದರೂ ವ್ಯತ್ಯಾಸ ಉಂಟಾ? ಗೊತ್ತಾಗದೆ ಹೋಗುವುದು, ಕಟ್ಟಿದ ಹಾಗೆ ಆಗುವುದು? ಕೂರುವ ಜಾಗದಲ್ಲಿ, ತೊಡೆ ಸಂದಿಯಲ್ಲಿ ಮರಗಟ್ಟಿದ ಹಾಗೆ?" ಪ್ರತಿ ಸಲವೂ ಕೇಳುತ್ತಾಳೆ. ಎಂಟು ಸಲ ಲಿಡ್ವಿನ್ ಬಾಯಿ ಇಲ್ಲ ಎಂದಿದ್ದಳು ಮತ್ತು ಎಂಟು ಸಲವೂ ಅದು ನಿಜವಾಗಿತ್ತು. ಇದು ಒಂಬತ್ತನೆಯದು. ಪರದೆಯಾಚೆ ಅಕ್ಕು ಜಗಿಯುವುದನ್ನು ನಿಲ್ಲಿಸಿದ್ದಳು.

ಕಳೆದ ಗುರುವಾರ ಬಚ್ಚಲಲ್ಲಿ ಮೈಗೆ ಬಿಸಿನೀರು ಹೊಯ್ದುಕೊಳ್ಳುವಾಗ ಹೊಟ್ಟೆಗೆ ಬಿದ್ದದ್ದು ಬಿಸಿ, ಮೊಣಕಾಲಿಗೆ ಬಿದ್ದದ್ದು ಬಿಸಿ, ನಡುವೆ ಏನೂ ಇರಲಿಲ್ಲ. ಇನ್ನೊಂದು ಚೆಂಬು ಹೊಯ್ದು ನೋಡಿದಳು. ನೀರು ಹರಿಯುವುದು ಕಾಣುತ್ತಿತ್ತು, ತನ್ನದಲ್ಲದ ಮೈಮೇಲೆ ಹರಿದ ಹಾಗೆ. ಕೈಯಿಂದ ಮುಟ್ಟಿ ನೋಡಿದಳು. ಕೈಗೆ ಗೊತ್ತಾಯಿತು, ಅಲ್ಲಿಗೆ ಗೊತ್ತಾಗಲಿಲ್ಲ. ಅದೇ ದಿನದಿಂದ ಕಾಲಿನ ತಂತಿ ತಣ್ಣಗಾಗಿತ್ತು. ವ್ಯಾಯಾಮ ಹಿಡಿಯಿತು, ಮೈ ಜಡವಾದದ್ದು ಗುಣವಾಗುವ ಮೊದಲಿನ ಲಕ್ಷಣ ಎಂದುಕೊಂಡಳು. ಬೇಕಾದ ಹಾಗೆ ಅಂದುಕೊಳ್ಳುವುದರಲ್ಲಿ ಅವಳಿಗೆ ಹಳೆಯ ಅಭ್ಯಾಸವಿತ್ತು. ಮರುದಿನ ಹೂ ಕಟ್ಟಿ ಮಣೆಯಿಂದ ಎದ್ದಾಗ ಮಣೆ ಒದ್ದೆಯಾಗಿತ್ತು. ಬುಟ್ಟಿಯ ಬಟ್ಟೆ ಹಿಂಡಿದ ನೀರು ಎಂದುಕೊಂಡಳು. ಆದರೆ ಕೈ, ಅವಳನ್ನು ಕೇಳದೆಯೇ, ಪಕ್ಕದ ಚೆಂಬನ್ನು ಮಣೆಯ ಮೇಲೆ ಮಗುಚಿ ಹಾಕಿತು, ಸೊಸೆ ಡೈನಾ ಒಳಗಿನಿಂದ ಬರುವ ಮೊದಲು. "ಅಯ್ಯೋ, ನೀರು ಚೆಲ್ಲಿತಾ ಮಾಂಯ್?" ಎಂದಳು ಡೈನಾ. ಹೌದು, ಚೆಲ್ಲಿತು. ಅಂದಿನಿಂದ ಸೀರೆಯೊಳಗೆ ಹಳೆಯ ಬಟ್ಟೆ ಮಡಚಿಟ್ಟುಕೊಳ್ಳುತ್ತಾಳೆ, ನಲುವತ್ತಾರಕ್ಕೆ ನಿಂತುಹೋದದ್ದು ಮತ್ತೆ ಶುರುವಾದ ಹಾಗೆ. ಆ ಬಟ್ಟೆಯೊಂದಿಗೆ ಗಿಡ ಮುಟ್ಟಿದಳು, ಮೊಗ್ಗು ಮುಟ್ಟಿದಳು, ಕಟ್ಟಿದಳು, ಅಕ್ಕುವಿನ ಕೈಗೆ ಕೊಟ್ಟಳು.

ಶಂಕರಪುರದ ಅವಳ ಮನೆಯಲ್ಲಿ ಹೂವಿನ ಕೆಲಸಕ್ಕೆ ಅದರದೇ ಮಡಿ. ಇವರು ಕ್ರಿಸ್ತಾಂವರು, ಅಂಗಳದಲ್ಲಿ ಶಿಲುಬೆ, ಗೋಡೆಯಲ್ಲಿ ಯೇಸುವಿನ ಪಟ. ಆದರೆ ಅಂಗಳದಾಚೆಯ ಎಪ್ಪತ್ತು ಮಲ್ಲಿಗೆ ಗಿಡಗಳ ಮೊಗ್ಗೆಲ್ಲ ಹೋಗುವುದು ದೇವಸ್ಥಾನಗಳಿಗೆ, ನಾಗನ ಕಲ್ಲಿಗೆ, ದೈವದ ಮೊಗಕ್ಕೆ, ಮದುಮಗಳ ಜಡೆಗೆ. ಹಾಗಾಗಿ ಮೀಯದೆ ಗಿಡ ಮುಟ್ಟುವಂತಿಲ್ಲ. ಮುಟ್ಟಾದ ದಿನ ಬುಟ್ಟಿಯ ಹತ್ತಿರ ಹೋಗುವಂತಿಲ್ಲ. ಮೀನು ಕೊಯ್ದ ಕೈಯಲ್ಲಿ ಬಾಳೆನಾರು ಹಿಡಿಯುವಂತಿಲ್ಲ. ಇದನ್ನು ಯಾವ ಪಾದ್ರಿಯೂ ಹೇಳಿಕೊಟ್ಟದ್ದಲ್ಲ, ಹೂ ಕೊಳ್ಳುವವರು ಬಂದು ವಿಚಾರಿಸಿದ್ದೂ ಇಲ್ಲ. ಮದುವೆಯಾಗಿ ಬಂದ ಮೂರನೆಯ ದಿನ ಅಪೊಲಿನ್ ಬಾಯಿ ಹೇಳಿಕೊಟ್ಟದ್ದು. "ನಮ್ಮ ದೇವರಾದರೆ ಕ್ಷಮಿಸ್ತಾನೆ ಮಗಾ. ಬೇರೆಯವರ ದೇವರಿಗೆ ಕೊಡುವಾಗ ಹೆಚ್ಚು ಜಾಗ್ರತೆ ಬೇಕು." ಅದನ್ನು ಹೇಳುವಾಗ ಅಪೊಲಿನ್ ನಾರನ್ನು ಹೆಬ್ಬೆರಳಿನಲ್ಲಿ ಸುತ್ತಿ ಮೊಗ್ಗನ್ನು ಎರಡರ ಜೊತೆ ಎರಡು ಇಟ್ಟು ಗಂಟು ಹಾಕುವುದನ್ನೂ ತೋರಿಸುತ್ತಿದ್ದಳು. ಆ ಬೆರಳುಗಳ ವೇಗ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಲಿಡ್ವಿನ್ ಒಂದು ಚೆಂಡು ಹೂ ಕಟ್ಟುವಷ್ಟರಲ್ಲಿ ಮುದುಕಿ ಎರಡು ಕಟ್ಟಿ ಮೂರನೆಯದಕ್ಕೆ ನಾರು ಸೀಳುತ್ತಿದ್ದಳು.

"ಆಂಟಿ?" ಎಂದಳು ನಿಖಿತಾ.

"ಇಲ್ಲ" ಎಂದಳು ಲಿಡ್ವಿನ್ ಬಾಯಿ.

"ಸರಿ. ಇಳಿಯಿರಿ. ಹಿಮ್ಮಡಿಯಲ್ಲಿ ನಿಂತು ಆ ಗೋಡೆವರೆಗೆ ನಡೆಯಿರಿ ನೋಡುವ." ಎರಡು ಹೆಜ್ಜೆಗೆ ಬಲಪಾದ ಚಪ್ಪಲಿಯಂತೆ ನೆಲಕ್ಕೆ ಬಡಿಯಿತು. ತುದಿಗಾಲಲ್ಲಿ ನಿಲ್ಲಿ ಎಂದಳು. ನಿಲ್ಲಲಾಗಲಿಲ್ಲ. ನಿಖಿತಾಳ ಹುಬ್ಬು ಈ ಸಲ ಏರಲಿಲ್ಲ. ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ಹೆಬ್ಬೆರಳು ಎತ್ತಿ, ತಳ್ಳಿ, ಎಂದು ಮತ್ತೆ ಮತ್ತೆ ಪರೀಕ್ಷೆ ಮಾಡಿದಳು. ಆಮೇಲೆ ಸ್ಟೂಲು ಎಳೆದು ಮುಖದ ಹತ್ತಿರ ಕುಳಿತು, ಸ್ವರ ತಗ್ಗಿಸಿ, ಆದರೆ ಪರದೆಯಾಚೆಗೆ ಕೇಳದಷ್ಟೇನೂ ತಗ್ಗಿಸದೆ, ಹೇಳಿದಳು. "ಹೋದ ಸಲ ನಿಲ್ತಾ ಇದ್ದಿರಿ. ನೋವು ಕಮ್ಮಿ, ಬಲವೂ ಕಮ್ಮಿ, ಅದು ನನಗೆ ಸರಿ ಕಾಣುವುದಿಲ್ಲ. ನಾನು ಯಾಕೆ ದಿನಾ ಕೇಳುವುದು ಗೊತ್ತುಂಟಾ? ಆ ಮೆತ್ತೆ ಪೂರ್ತಿ ಜಾರಿ ಕೆಳಗಿನ ಎಲ್ಲ ನರವನ್ನೂ ಒತ್ತಿದರೆ ಮೂತ್ರದ್ದು, ಸಂಡಾಸಿನದ್ದು ಎಲ್ಲ ಹೋಗ್ತದೆ. ಅದು ವ್ಯಾಯಾಮದಲ್ಲಿ ಸರಿಯಾಗುವುದಲ್ಲ. ಅದೇ ದಿನ ಮಣಿಪಾಲಕ್ಕೆ ಹೋಗಿ ಆಪರೇಷನ್ ಆಗಬೇಕು. ತಡವಾದರೆ ಸತ್ತ ನರ ಮತ್ತೆ ಏಳುವುದಿಲ್ಲ. ಹಾಗಾಗಿ ಸರಿಯಾಗಿ ನೆನಪು ಮಾಡಿ ಹೇಳಿ. ಒಂದು ಹನಿಯಾದರೂ?"

ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ಅರ್ಥವಾಗಲಿಲ್ಲ ಎಂದು ಆಮೇಲೆ ಯಾರ ಮುಂದೆಯೂ ಹೇಳುವ ಹಾಗಿಲ್ಲ, ತನ್ನ ಮುಂದೆಯೂ. ಬೇಕಾದ್ದು ಒಂದು ಹೌದು. ಬಾಯಿ ತೆರೆದಳು ಕೂಡ. ಆದರೆ ಪರದೆಯ ಕೆಳಗೆ ಅಕ್ಕುವಿನ ಪಾದ ಕಾಣುತ್ತಿತ್ತು, ಹಿಮ್ಮಡಿ ಒಡೆದ, ಬೆಳ್ಳಿ ಕಾಲುಂಗುರದ ಪಾದ. ಮೂವತ್ತು ವರ್ಷದಿಂದ ಹೊತ್ತು ಹೊತ್ತಿಗೆ ಅಂಗಳಕ್ಕೆ ಬಂದು, ಬಾಳೆಲೆಯಲ್ಲಿ ಸುತ್ತಿದ ಹೂವನ್ನು ಮಾರಾಟದ ಕಟ್ಟೆಗೆ ಒಯ್ದ ಪಾದ. ಮಂಗಳವಾರಗಳಲ್ಲಿ ಅದೇ ಹೂವಿನಿಂದ ಒಂದು ಮೊಳ ಎತ್ತಿಟ್ಟು ಕಾಪುವಿನ ಮಾರಿಗುಡಿಗೆ ಕೊಡುವವಳು ಅಕ್ಕು. ಇವತ್ತೂ ಕೊಟ್ಟು ಬಂದಿದ್ದಾಳೆ, ದಾರಿ ಒಂದೇ ಎಂದು ಲಿಡ್ವಿನ್ ಬಾಯಿಯ ಜೊತೆಗೆ ಮೆಟ್ಟಿಲು ಹತ್ತಿದ್ದಾಳೆ. ಇವತ್ತು ಕೊಟ್ಟದ್ದು ಯಾವ ಕೈ ಕಟ್ಟಿದ ಹೂ, ಆ ಕೈಯವಳು ಯಾವುದರ ಮೇಲೆ ಕುಳಿತು ಕಟ್ಟಿದ್ದು, ಅಕ್ಕುವಿಗೆ ಈಗ ಇಲ್ಲಿ ಗೊತ್ತಾಗಬೇಕೇ? ಹದಿನೇಳು ವರ್ಷದ ಹಿಂದೆ ಅಕ್ಕುವಿನ ಮುಂದೆಯೇ ಲಿಡ್ವಿನ್ ಒಂದು ಕಾನೂನು ಓದಿದ್ದಳು. ಅದನ್ನು ಕೇಳಿದ ಕಿವಿ ಪರದೆಯಾಚೆ ಇತ್ತು.

"ಇಲ್ಲ ಮಗಾ. ಒಂದು ಹನಿಯೂ ಇಲ್ಲ."

ನಿಖಿತಾ ಅದನ್ನು ಪುಸ್ತಕದಲ್ಲಿ ಗುರುತು ಮಾಡಿಕೊಂಡಳು. ಆಮೇಲೆ ಚೀಟಿ ಬರೆದಳು. "ಆದರೂ ನಾಳೆಯೇ ಸ್ಕ್ಯಾನ್ ಮಾಡಿಸಿ ಡಾಕ್ಟರಿಗೆ ತೋರಿಸಿ. ಪಾದ ಬೀಳುವುದು ಸಣ್ಣ ವಿಷಯ ಅಲ್ಲ. ನಾಡಿದ್ದು ಅಲ್ಲ, ನಾಳೆ. ಆಯ್ತಾ?" ಆಯಿತು ಎಂದು ಲಿಡ್ವಿನ್ ಬಾಯಿ ಚೀಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು. ಮೆಟ್ಟಿಲಿಳಿಯುವಾಗ ಅಕ್ಕು ರಟ್ಟೆ ಹಿಡಿದುಕೊಂಡಳು. "ನಾಳೆ ಹೂ ನಾನೂ ಡೈನಮ್ಮನೂ ನೋಡಿಕೊಳ್ತೇವೆ ಬಾಯಮ್ಮಾ, ನೀವು ಮಣಿಪಾಲಕ್ಕೆ ಹೋಗಿ ಬನ್ನಿ" ಎಂದಳು. ಮುಂದಿನ ಮಂಗಳವಾರ ಮಾರಿಪೂಜೆ; ವರ್ಷದಲ್ಲಿ ಮಲ್ಲಿಗೆಗೆ ಇಷ್ಟು ಕರೆ ಇನ್ನೊಂದು ವಾರ ಇರುವುದಿಲ್ಲ. ಮಲ್ಪೆ ಕಡೆಯಿಂದ ಬಂದ ಡೈನಾ ಬಂಗುಡೆಯನ್ನು ಕಣ್ಣು ಮುಚ್ಚಿ ಕೊಯ್ದಾಳು, ಹೂ ಕಟ್ಟಿದರೆ ಚೆಂಡು ಹೋಗಿ ಗಂಟುಮೂಟೆಯಾಗುತ್ತದೆ. "ಪೂಜೆ ಕಳೆಯಲಿ" ಎಂದಳು ಲಿಡ್ವಿನ್ ಬಾಯಿ. ಹೂವಿನ ನೆಪ ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ ಅವಳೇ ನಂಬಿದಳು.

ಬಸ್ಸಿನಲ್ಲಿ ಅಕ್ಕು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಲಿಡ್ವಿನ್ ಬಾಯಿ ಕೂರಲಿಲ್ಲ, ನಿಂತರೆ ಬೆನ್ನಿಗೆ ಒಳ್ಳೆಯದು ಎಂದಳು. ಸೀಟಿನ ಹೆದರಿಕೆ ಅವಳಿಗೆ. ಹದಿನೇಳು ವರ್ಷದ ಹಿಂದೆ ಕಾರ್ಕಳದಿಂದ ಬರುವಾಗ ಅಪೊಲಿನ್ ಕುಳಿತದ್ದು ಇಂಥದೇ ಸೀಟು. ಅಲ್ಲಿ ಯಾರೋ ಎಣ್ಣೆ ತಿಕ್ಕಿ ನರ ಕೂರಿಸುತ್ತಾರೆಂದು ರೊಸಾರಿಯೊ ಕೇಳಿ ಬಂದಿದ್ದ. ಕರೆದೊಯ್ಯುವ ಕೆಲಸ ಹೆಂಡತಿಯದು. ಆ ಮನುಷ್ಯ ಮುದುಕಿಯ ಸೊಂಟದ ಮೇಲೆ ಮೊಣಕಾಲೂರಿ ತಿರುಚಿದಾಗ ಟಕ್ಕೆಂದದ್ದು ಹೊರಗಿನ ಜಗಲಿಗೂ ಕೇಳಿತ್ತು. ಬರುವಾಗ ಬೆಳ್ಮಣ್ಣು ದಾಟಿದ ಮೇಲೆ ಬಸ್ಸಿನ ನೆಲದಲ್ಲಿ ನೀರಿನ ಒಂದು ಗೆರೆ ಮುಂದಕ್ಕೆ ಹರಿದು, ಬ್ರೇಕು ಹಾಕಿದಾಗ ಎರಡಾಯಿತು. ಕಂಡಕ್ಟರು ಚಪ್ಪಲಿ ಎತ್ತಿ ದಾಟಿ, "ಯಾರದ್ದು ಬಾಟ್ಲಿ ಲೀಕು?" ಎಂದು ಕೂಗಿದ. ಯಾರೋ ನಕ್ಕರು. ಅಪೊಲಿನ್ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು, ಏನೂ ಗೊತ್ತಿಲ್ಲದವಳ ಹಾಗೆ. ಗೊತ್ತಿದ್ದೂ ನಾಟಕ ಮಾಡುತ್ತಾಳೆ ಎಂದು ಲಿಡ್ವಿನ್‌ಗೆ ಸಿಟ್ಟು ನೆತ್ತಿಗೇರಿತ್ತು. ಶಿರ್ವ ಬರುವವರೆಗೆ ಮುದುಕಿಯ ತೋಳನ್ನು ಚಿವುಟಿ ಹಿಡಿದಿದ್ದಳು. ಗೊತ್ತಿರಲಿಲ್ಲ. ನಿಜವಾಗಿಯೂ ಆಕೆಗೆ ಗೊತ್ತಾಗಿರಲಿಲ್ಲ. ಇದು ಲಿಡ್ವಿನ್ ಬಾಯಿಗೆ ತಿಳಿದದ್ದು ಕಳೆದ ಗುರುವಾರ, ಬಚ್ಚಲಿನಲ್ಲಿ, ಎರಡನೆಯ ಚೆಂಬು ನೀರಿಗೆ.

ಅಂದು ಬಸ್ಸಿಳಿದು ಬಂದ ಮರುದಿನ ಬೆಳಿಗ್ಗೆ ಅಪೊಲಿನ್ ಮಿಂದು, ಬಿಳಿ ಸೀರೆ ಉಟ್ಟು, ಮಣೆಯ ಮೇಲೆ ಕುಳಿತು ಬುಟ್ಟಿ ಮಡಿಲಿಗೆಳೆದುಕೊಂಡಾಗ ಲಿಡ್ವಿನ್ ಬುಟ್ಟಿಯ ಕಿವಿ ಹಿಡಿದು ಎತ್ತಿಬಿಟ್ಟಳು. "ಇನ್ನು ಹೂ ಮುಟ್ಟಬೇಡಿ ಮಾಂಯ್. ದೇವಸ್ಥಾನಕ್ಕೆ ಹೋಗುವ ಹೂ. ನೀವೇ ಕಲಿಸಿದ್ದಲ್ವಾ?" ಮೆಲ್ಲಗೆ ಹೇಳಬಹುದಿತ್ತು. ಅಂಗಳದಲ್ಲಿ ಅಕ್ಕು ನಿಂತಿದ್ದಾಳೆಂದು ಗೊತ್ತಿದ್ದೇ ಸ್ವರ ಎತ್ತಿದ್ದಳು. ಇದೊಂದೇ ಕೆಲಸದಲ್ಲಿ ಮುದುಕಿ ಅವಳನ್ನು ಮೀರಿಸುತ್ತಿದ್ದದ್ದು. ಅಪೊಲಿನ್ ಸೊಸೆಯನ್ನು ನೋಡಲಿಲ್ಲ, ಅಂಗಳದ ಅಕ್ಕುವನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಆಮೇಲೆ ಬದುಕಿದ ಎರಡು ವರ್ಷ ಹಿತ್ತಲ ಬಾಗಿಲಲ್ಲಿ ಕುಳಿತು ಬರಿಯ ಬಾಳೆನಾರಿಗೆ ಗಂಟು ಹಾಕುತ್ತಿದ್ದಳು, ಎರಡರ ಜೊತೆ ಎರಡು, ಹೂವೇ ಇಲ್ಲದೆ, ಅದೇ ವೇಗದಲ್ಲಿ. ಸತ್ತ ಮೇಲೆ ತಲೆದಿಂಬಿನ ಚೀಲದಲ್ಲಿ ಅಂಥ ಸುರುಳಿಗಳು ಮೊರದಷ್ಟು ಸಿಕ್ಕವು. ಲಿಡ್ವಿನ್ ಅವನ್ನು ಬಚ್ಚಲ ಒಲೆಗೆ ಹಾಕಿದಳು. ಅದೇ ವರ್ಷ ಪಾಸ್ಕಾ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲು ಪಾಪನಿವೇದನೆಯಲ್ಲಿ, ಅತ್ತೆಯ ಮೇಲೆ ಸಿಟ್ಟು ಮಾಡಿದ್ದೇನೆ ಎಂದಳು. ಪಾದ್ರಿಯವರು ಮೂರು ನಮಾನ್ ಮರಿಯೆ ಜಪ ಹೇಳಲು ಹೇಳಿದರು. ಹೇಳಿ ಮುಗಿಸಿ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದ್ದಳು.

ಮಾರಿಪೂಜೆಯ ದಿನದವರೆಗೂ ಅವಳು ಹೂ ಕಟ್ಟಿದಳು. ನೋವೇ ಇರಲಿಲ್ಲ, ಅದೊಂದು ದೊಡ್ಡ ಅನುಕೂಲ. ಆ ಮಂಗಳವಾರ ಹೊತ್ತೇರುವ ಮೊದಲು ಗಿಡಗಳ ನಡುವೆ ಎರಡೂ ಕಾಲು ಒಟ್ಟಿಗೆ ಮಡಚಿ, ಬುಟ್ಟಿಯೊಂದಿಗೆ ಕುಸಿದಳು. ಹೊಟ್ಟೆ ಗಡಿಗೆಯಂತೆ ಉಬ್ಬಿತ್ತು, ಆದರೆ ಮೂತ್ರಕ್ಕೆ ಹೋಗಬೇಕೆಂದು ಅನಿಸಿರಲಿಲ್ಲ. ಡೈನಾ ಮತ್ತು ಅಕ್ಕು ಕಾರಿನಲ್ಲಿ ಮಲಗಿಸಿ ಮಣಿಪಾಲಕ್ಕೆ ತಂದರು. ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದರು. ಈಗ ಪರದೆಯೂ ಇರಲಿಲ್ಲ, ಇಬ್ಬರೂ ಮಗ್ಗುಲಲ್ಲೇ ನಿಂತಿದ್ದರು. "ಹನ್ನೆರಡು" ಎಂದಳು. ಡಾಕ್ಟರು ಪೆನ್ನು ಎತ್ತಿ ಅವಳನ್ನು ನೋಡಿದರು, ಬೈಯಲಿಲ್ಲ. ಅಂದೇ ಆಪರೇಷನ್ ಆಯಿತು. "ಒತ್ತುತ್ತಿದ್ದದ್ದನ್ನು ತೆಗೆದಿದ್ದೇವೆ. ನಡಿಗೆ ಸ್ವಲ್ಪ ಬಂದೀತು. ಉಳಿದದ್ದು ಹೇಳಲಿಕ್ಕೆ ಕಷ್ಟ. ಮೊದಲ ದಿನವೇ ಬಂದಿದ್ದರೆ..." ಎಂದರು. ಕುವೈಟಿನಿಂದ ಮಗ ಲಾಯ್ಡ್ ಫೋನಿನಲ್ಲಿ ಅತ್ತ. ಮಮ್ಮಿ ಯಾಕೆ ಹೇಳಲಿಲ್ಲ, ಯಾಕೆ ಯಾರಿಗೂ ಹೇಳಲಿಲ್ಲ ಎಂದು ಅವನು ಕೇಳಿದ್ದನ್ನೇ ಕೇಳುತ್ತಿದ್ದ. ಅವಳು ಫೋನನ್ನು ಡೈನಾಳ ಕೈಗೆ ಕೊಟ್ಟಳು.

ಐದನೆಯ ದಿನ ಮಧ್ಯಾಹ್ನ ಅಕ್ಕು ಒಂದು ಹಿಡಿ ಮಲ್ಲಿಗೆ ಹಿಡಿದು ವಾರ್ಡಿಗೆ ಬಂದಳು. ತಲೆದಿಂಬಿನ ಹತ್ತಿರ ಇಟ್ಟು, ಸ್ಟೂಲಿನಲ್ಲಿ ಕುಳಿತು, ಬಹಳ ಹೊತ್ತು ಮಂಚದ ಕಂಬಿಯನ್ನು ಉಜ್ಜುತ್ತಿದ್ದಳು.

"ಅವತ್ತು ಪರದೆ ಹಿಂದೆ ನನಗೆ ಎಲ್ಲ ಕೇಳ್ತಾ ಇತ್ತು ಬಾಯಮ್ಮಾ. ಆ ಹುಡುಗಿ ಅಷ್ಟು ಕೇಳಿತು. ಹೇಳಬಹುದಿತ್ತಲ್ಲ?"

"ನೀನು ಇದ್ದಿಯಲ್ಲ" ಎಂದಳು ಲಿಡ್ವಿನ್ ಬಾಯಿ.

"ನಾನು ಇದ್ದರೆ ಎಂತ?"

"ಹೂ."

ಅಕ್ಕು ತಲೆದಿಂಬಿನ ಹತ್ತಿರದ ಮಲ್ಲಿಗೆಯನ್ನು ನೋಡಿದಳು. ಅರ್ಥವಾದಾಗ ಕಣ್ಣೊರೆಸಿಕೊಂಡಳು. "ಎಂತ ಮಾರಾಯ್ರೆ ನೀವು! ಅಪೊಲಿನ್ ಬಾಯಮ್ಮ ನನ್ನ ಹತ್ತಿರ ಹೇಳಿದ್ರು. ನೀವು ಬುಟ್ಟಿ ತೆಗೆಯುವುದಕ್ಕೆ ಒಂದು ವರ್ಷ ಮೊದಲೇ. ಅಕ್ಕೂ, ನನಗೆ ಹೀಗೆ ಹೀಗೆ ಆಗ್ತದೆ, ಹೂ ಕಟ್ಟಬಹುದಾ ಅಂತ ಕೇಳಿದ್ರು."

"ನೀನು ಎಂತ ಹೇಳಿದೆ?"

"ಕಟ್ಟಿ ಅಂದೆ. ತೆಗೊಂಡು ಹೋಗ್ತಾ ಇದ್ದೆ. ಮಾರಿಯಮ್ಮನಿಗೂ ಇಡ್ತಾ ಇದ್ದೆ. ದೇವರಿಗೆ ವಯಸ್ಸಾದವರ ಕಷ್ಟ ಗೊತ್ತಿಲ್ವಾ?"

ಒಂದು ವರ್ಷ. ಆ ಒಂದು ವರ್ಷ ಆ ಊರಿನ ಯಾವ ದೇವರೂ ಮುನಿದಿರಲಿಲ್ಲ. ಮುನಿದದ್ದು ಲಿಡ್ವಿನ್ ಒಬ್ಬಳೇ. ಅಕ್ಕುವಿಗೆ ಹೆದರಿದೆ ಎಂಬುದೊಂದು ನೆಪ ಉಳಿದಿತ್ತು, ಅದನ್ನೂ ಅಕ್ಕು ಎತ್ತಿಕೊಂಡು ಹೋದಳು. ಗೋಡೆಯ ಕಡೆ ಹೊರಳಬೇಕೆನಿಸಿತು, ಹೊರಳಿಸಲು ಇಬ್ಬರು ಬೇಕಾಗಿತ್ತು.

ಈಗ ಮೇ ತಿಂಗಳು. ವಾರಕ್ಕೆರಡು ಸಲ ರಿಕ್ಷಾದಲ್ಲಿ ಕಾಪುವಿಗೆ ಹೋಗುತ್ತಾಳೆ, ಮೆಟ್ಟಿಲನ್ನು ಕುಳಿತು ಕುಳಿತು ಹತ್ತುತ್ತಾಳೆ. ನಿಖಿತಾ ಪಾದಕ್ಕೆ ಪಟ್ಟಿ ಕಟ್ಟಿ ನಡೆಯಲು ಕಲಿಸುತ್ತಾಳೆ, ಸೊಂಟದ ಸ್ನಾಯುಗಳಿಗೆ ಬಲ ಬರುವ ಹಾಗೆ ಒಂದೊಂದೇ ಹೊಸ ವ್ಯಾಯಾಮ ಕೊಡುತ್ತಾಳೆ. ಬೆಂಚನ್ನು ಹೊರಗೆ ಮೆಟ್ಟಿಲಿನ ಬಾಯಿಗೆ ಹಾಕಿಸಿದ್ದಾಳೆ. "ಅವರನ್ನು ಹೊರಗೆ ಕಳಿಸಿ ಕೇಳಬೇಕಿತ್ತು ಆಂಟಿ ನಾನು" ಎಂದು ಒಂದು ದಿನ ತಲೆ ತಗ್ಗಿಸಿದಳು. ನಿನ್ನದು ತಪ್ಪಿಲ್ಲ ಎಂದರೆ ಹುಡುಗಿ ಅತ್ತೇಬಿಟ್ಟಾಳೆಂದು ಲಿಡ್ವಿನ್ ಬಾಯಿ ಪಟ್ಟಿ ಕಟ್ಟಲು ಪಾದವನ್ನು ಮುಂದಕ್ಕೆ ಚಾಚಿದಳು. ದಿನದ ಪ್ರಶ್ನೆಯನ್ನು ನಿಖಿತಾ ಈಗ ಕೇಳುವುದಿಲ್ಲ. ಪಾದ ಸ್ವಲ್ಪ ಎದ್ದಿದೆ. ಉಳಿದದ್ದು ಎದ್ದಿಲ್ಲ. ನಳಿಗೆ ಹಾಕಿ ಮೂತ್ರ ಖಾಲಿ ಮಾಡಿದರೂ ನಡುನಡುವೆ ಸೋರುತ್ತದೆ. ಸೋರಿದ್ದು ಅವಳಿಗೆ ಗೊತ್ತಾಗುವುದಿಲ್ಲ. ಮೂಗಿನಿಂದ ತಿಳಿಯೋಣವೆಂದರೆ ಮನೆ ತುಂಬ ಮಲ್ಲಿಗೆ. ಮೂಗಿಗೆ ಬೇರೇನೂ ಸಿಗುವುದಿಲ್ಲ. ಹಾಗಾಗಿ ಕೇಳಬೇಕು. ಗಂಟೆಗೊಮ್ಮೆ, ಐವತ್ತಾರರ ಹೆಂಗಸು, ಇಪ್ಪತ್ತೆಂಟರ ಸೊಸೆಯನ್ನು ಕರೆದು, "ಡೈನಾ, ಸ್ವಲ್ಪ ನೋಡು" ಎನ್ನಬೇಕು. ಒದ್ದೆಯಾ, ಒಣಗಿದೆಯಾ ಎಂಬುದನ್ನು ತನ್ನ ಮೈಯ ಬಗ್ಗೆ ಇನ್ನೊಬ್ಬರು ಹೇಳಿ ತಿಳಿಯುವುದು. ಮೊದಮೊದಲು ಹೂವಿನ ಹತ್ತಿರ ಹೋಗಲೇ ಇಲ್ಲ. ಡೈನಾಳೇ ಎತ್ತರದ ಕುರ್ಚಿಗೆ ದಿಂಬು ಹಾಕಿ, ಎದುರಿಗೆ ಮೇಜಿಟ್ಟು, ಬುಟ್ಟಿ ತಂದಳು. "ನನಗೆ ಕಟ್ಟಲಿಕ್ಕೆ ಬರುವುದಿಲ್ಲ, ನಿಮಗೆ ಕೂರಲಿಕ್ಕೆ ಬರುವುದಿಲ್ಲ. ಎರಡೂ ಸೇರಿಸಿದರೆ ಒಂದು ಜನ ಆಗ್ತದೆ ಮಾಂಯ್" ಎಂದು ನಕ್ಕಿದ್ದಳು. ಒಂದೇ ಕರಾರು ಲಿಡ್ವಿನ್ ಬಾಯಿಯದು: ಬುಟ್ಟಿ ಮುಟ್ಟುವ ಮೊದಲು ನೋಡಬೇಕು. ಒದ್ದೆಯಿದ್ದರೆ ಬುಟ್ಟಿ ಒಳಗೆ ಹೋಗಬೇಕು.

ಈ ಬೆಳಿಗ್ಗೆ ಊರಿನಲ್ಲಿ ಎರಡು ಮದುವೆ. ಅಕ್ಕು ಬೇಗ ಬಂದು ಅಂಗಳದಲ್ಲಿ ನಿಂತಿದ್ದಳು. ಲಿಡ್ವಿನ್ ಬಾಯಿ ಕುರ್ಚಿಯಲ್ಲಿ ಕುಳಿತೇ, "ಡೈನಾ, ನೋಡು" ಎಂದಳು. ಡೈನಾ ಹಿಂದಿನಿಂದ ಬಗ್ಗಿ, ದಿಂಬಿಗೂ ಸೀರೆಗೂ ನಡುವೆ ಕೈ ತೂರಿಸಿದಳು. ಕೈ ತೂರಿಸಿದ್ದು ಲಿಡ್ವಿನ್ ಬಾಯಿಗೆ ಗೊತ್ತಾಗಲಿಲ್ಲ, ಬಳೆಯ ಸದ್ದಿನಿಂದ ಊಹಿಸಿದಳು. "ಒಣಗಿಯೇ ಉಂಟು ಮಾಂಯ್. ಕಟ್ಟಿ, ಅಕ್ಕು ಕಾಯ್ತಾ ಇದ್ದಾಳೆ." ಹಾಗೆಂದು ಒಳಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದು ಬಂತು, ಸಾಬೂನಿನ ಡಬ್ಬಿ ತೆರೆದ ಸದ್ದು ಬಂತು. ಮೀನಿನ ಕೆಲಸವಿರಬೇಕು ಎಂದುಕೊಂಡು ಲಿಡ್ವಿನ್ ಬಾಯಿ ನಾರು ಎತ್ತಿಕೊಂಡಳು. ಎರಡರ ಜೊತೆ ಎರಡು. ಬೆರಳಿಗೆ ಮಾತ್ರ ಯಾವ ನರವೂ ಸತ್ತಿರಲಿಲ್ಲ. ನಾಲ್ಕು ಚೆಂಡು ಕಟ್ಟಿ ಒಂದು ಅಟ್ಟೆ ಮಾಡಿ, ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಅಕ್ಕು ಅದನ್ನು ಹಣೆಗೆ ಮುಟ್ಟಿಸಿಕೊಂಡು ಹೋದಳು. ಲಿಡ್ವಿನ್ ಬಾಯಿಗೆ, ಎಷ್ಟೋ ದಿನಗಳ ಮೇಲೆ, ಇವತ್ತು ಗಂಜಿಗೆ ಉಪ್ಪಿನಕಾಯಿ ಕೇಳಬೇಕು ಎನಿಸಿತು.

ಕೇಳಲೆಂದೇ ವಾಕರಿಗೆ ಕೈಯೂರಿ ಎದ್ದಳು. ಎದ್ದವಳು ಅಭ್ಯಾಸದಿಂದ ತಿರುಗಿ ನೋಡಿದಳು. ದಿಂಬಿನ ಮೇಲೆ ಅಂಗೈಯಗಲದ ಕಲೆ ಅಲ್ಲ, ದಿಂಬಿಗೆ ದಿಂಬೇ ಕಪ್ಪಾಗಿತ್ತು. ಬೆರಳಿಟ್ಟು ನೋಡಿದಳು. ತಣ್ಣಗಿತ್ತು. ಈಗಿನದಲ್ಲ, ಎರಡು ಗಂಟೆಯಾದರೂ ಆಗಿತ್ತು, ಬುಟ್ಟಿ ಮೇಜಿಗೆ ಬರುವ ಮೊದಲಿನದು. ಡೈನಾ ಕೈ ತೂರಿಸಿದಾಗಿನದು. ಸಾಬೂನಿನ ಡಬ್ಬಿ ಈಗ ಅರ್ಥವಾಯಿತು. ಒಳಗೆ ಡೈನಾ ಏನೋ ಹಾಡು ಗುನುಗುತ್ತ ತೆಂಗಿನಕಾಯಿ ತುರಿಯುತ್ತಿದ್ದಳು. ಅವಳ ಸ್ವರದಲ್ಲಿ ದೊಡ್ಡದೇನನ್ನೋ ಮಾಡಿದ ಭಾರವೇ ಇರಲಿಲ್ಲ. ಒಂದು ಸುಳ್ಳು. ಅಷ್ಟೇ ಬೇಕಾಗಿದ್ದದ್ದು. ಬಂದು ಎರಡು ವರ್ಷವಾದ, ಹೂ ಕಟ್ಟಲು ಬಾರದ ಹುಡುಗಿಗೆ ಅದು ಹೊಳೆಯಿತು. ಅಪೊಲಿನ್‌ಗೂ ಅಷ್ಟೇ ಸಾಕಿತ್ತು, ದಿನಕ್ಕೊಂದರಂತೆ ಎರಡು ವರ್ಷ. ಲಿಡ್ವಿನ್ ಬಾಯಿಯ ಬಾಯಿಂದ ಅಳು ಬರಲಿಲ್ಲ, ಮೂಗಿನಿಂದ ಒಂದು ಸದ್ದು ಬಂತು ಅಷ್ಟೇ. ತುರಿಯುವುದು ನಿಂತಿತು.

"ಎದ್ದಿರಾ ಮಾಂಯ್? ಬದಲಿಸಬೇಕಾ? ಬರಲಾ ನಾನು?"

"ಬೇಡ" ಎಂದಳು ಲಿಡ್ವಿನ್ ಬಾಯಿ. "ಒಣಗಿಯೇ ಉಂಟು."

ಹೇಳಿ, ವಾಕರನ್ನು ಮೆಲ್ಲಗೆ ತಿರುಗಿಸಿ, ಆ ದಿಂಬಿನ ಮೇಲೆಯೇ ಕುಳಿತಳು. ಕುಳಿತದ್ದು ಅವಳಿಗೆ ಗೊತ್ತಾಗಲಿಲ್ಲ.